ನಾಲ್ಕನೇ ತೊಟ್ಟಿಯ ಮುಚ್ಚಳ

ನಿದ್ದೆ ಬರ್ತಿಲ್ಲ ಅಂತ ಎಲ್ಲರೂ ಬಂದು ನನ್ನ ಸುತ್ತ ಕೂತಿದ್ದೀರಿ. ಸರಿ, ಹೇಳ್ತೀನಿ. ಮಧ್ಯದಲ್ಲಿ ಎದ್ದು ನೀರು ಕುಡಿಯೋಕೆ ಹೋಗೋರು ಈಗಲೇ ಹೋಗಿ ಬನ್ನಿ. ಆಮೇಲೆ ಅಡುಗೆಮನೆವರೆಗೂ ಒಬ್ಬರೇ ಹೋಗೋ ಧೈರ್ಯ ಇರಲ್ಲ.

ಇದು ಎಲ್ಲೋ ಓದಿದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು. ಅವನೇ ನನಗೆ ಎರಡು ಸಲ ಹೇಳಿದ್ದಾನೆ. ಎರಡು ಸಲವೂ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ. ಕೊನೇ ಭಾಗಕ್ಕಂತೂ ನಾನೇ ಹೋಗಿದ್ದೆ.

ರಾತ್ರಿ ಹನ್ನೊಂದೂವರೆ. ಅಣ್ಣ ಕೆಲಸ ಮುಗಿಸಿ ರೂಮಿಗೆ ನಡ್ಕೊಂಡು ಬರ್ತಿದ್ದ. ಒಬ್ಬನೇ. ಕೆಲಸದ ಜಾಗದಿಂದ ರೂಮಿಗೆ ಇನ್ನೂರು ಹೆಜ್ಜೆ ಇದ್ದರೆ ಹೆಚ್ಚು. ದಾರಿ ಮಧ್ಯೆ ಒಂದು ಹಳೇ ಬಾವಿ. ಅದರಲ್ಲಿ ಯಾರೂ ನೀರು ಸೇದೋದಿಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ಅದರ ಪಕ್ಕ ದಾಟೋವಾಗ ಚಪ್ಪಲಿ ಸದ್ದು ಎರಡೆರಡು ಸಲ ಕೇಳುತ್ತೆ. ಒಂದು ನಮ್ಮದು, ಒಂದು ಬಾವಿ ಒಳಗಿಂದು. ಅಣ್ಣನಿಗೆ ಅದೆಲ್ಲ ಅಭ್ಯಾಸ ಆಗಿತ್ತು. ಆ ರಾತ್ರಿ ಬಾವಿ ಹತ್ತಿರ ಬಂದ... ಹಿಂದಿನಿಂದ, ಅವನು ಕೆಲಸ ಮಾಡೋ ಮೀನಿನ ತೊಟ್ಟಿಗಳ ಕಡೆಯಿಂದ ಒಂದು ಸದ್ದು ಬಂತು.

ಟಣ್...

ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ... ಟಣ್ ಟಣ್.

ತಗಡಿನ ಡಬ್ಬದ ಅಂಚಿಗೆ ಚಮಚ ಬಡಿದ ಸದ್ದು. ಅಣ್ಣ ನಿಂತುಬಿಟ್ಟ. ತಿರುಗಿ ನೋಡಲಿಲ್ಲ. ಯಾಕಂದ್ರೆ ಆ ಸದ್ದು ಯಾರದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಬಡೀತಿದ್ದವರು ತೀರಿಕೊಂಡು ಆವತ್ತಿಗೆ ಮೂರು ವಾರ.

ಯಾರು ಅಂತ ಹೇಳ್ತೀನಿ, ತಾಳಿ.

ಅಣ್ಣನಿಗೆ ಮನೆಯಲ್ಲಿ ಎಲ್ಲರೂ ಸ್ಕ್ರೂ ಅಂತಲೇ ಕರೆಯೋದು. ತಲೆಯ ಸ್ಕ್ರೂ ಸಡಿಲ ಅಂತಲ್ಲ. ಚಿಕ್ಕವನಿದ್ದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹಾಕ್ತಿದ್ದ. ರೇಡಿಯೋ, ಗಡಿಯಾರ, ಒಂದು ಸಲ ದೊಡ್ಡಪ್ಪ ಕೂತಿರೋವಾಗಲೇ ಅವರ ಕುರ್ಚಿ. ದೊಡ್ಡವನಾದ ಮೇಲೆ ಅದೇ ಅವನ ಹೊಟ್ಟೆಪಾಡಾಯ್ತು. ನಲವತ್ತೊಂದು ವರ್ಷ, ಮದುವೆ ಆಗಿಲ್ಲ. ಮೀನಿನ ಮರಿ ಸಾಕೋ ಒಂದು ಕಡೆ ಕೆಲಸಕ್ಕಿದ್ದ. ಪಂಪು, ಗಾಳಿ ಊದೋ ಯಂತ್ರ, ಲೈಟು, ಏನು ಕೆಟ್ಟರೂ ಅವನೇ. ಭಾನುವಾರ ದೊಡ್ಡಮ್ಮ ಫೋನು ಮಾಡಿದ್ರೆ ಅವನದು ಎರಡೇ ಮಾತು. ಊಟ ಆಯ್ತು, ಆರಾಮಾಗಿದೀನಿ. ಅದೂ ತೆಗೆದರೆ ತೆಗೆದ, ಇಲ್ಲದಿದ್ದರೆ ಇಲ್ಲ.

ಅಲ್ಲಿ ಸಿಮೆಂಟಿನ ಎಂಟು ತೊಟ್ಟಿ. ಮೇಲೆ ತಗಡಿನ ಚಾವಣಿ, ಸುತ್ತ ಗೋಡೆ ಇಲ್ಲ. ಒಳಗೆ ಬೆರಳುದ್ದ ಕೂಡ ಇಲ್ಲದ ಮೀನಿನ ಮರಿ, ಸಾವಿರ ಸಾವಿರ. ಮರಿಗಳಿಗೆ ಮೂರು ಗಂಟೆಗೊಂದು ಸಲ ತಿನ್ನೋಕೆ ಹಾಕಬೇಕು, ಹಗಲು ರಾತ್ರಿ ಅಂತಿಲ್ಲ. ಹನ್ನೊಂದಕ್ಕೆ, ಎರಡಕ್ಕೆ, ಐದಕ್ಕೆ... ಹಾಗೆ. ಸಾಸಿವೆಗಿಂತ ಸಣ್ಣ ಕೆಂಪು ಕಾಳು. ಅದನ್ನ ಹಾಕ್ತಿದ್ದವರು ಒಬ್ಬ ಮುದುಕರು. ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ, ಮೀನಜ್ಜ ಅಂತ ಕರೀತಿದ್ದರು. ಇಪ್ಪತ್ತೆರಡು ವರ್ಷ ಅದೇ ಕೆಲಸ. ಹಿಂದೆ ಮುಂದೆ ಯಾರೂ ಇಲ್ಲ. ನಾಲ್ಕನೇ ತೊಟ್ಟಿಯ ಮೂಲೆಗೆ ಅಂಟಿಕೊಂಡ ಹಾಗೆ ಒಂದು ಕೋಣೆ, ಅಲ್ಲೇ ವಾಸ.

ಮೀನಜ್ಜ ಸುಮ್ಮನೆ ಕಾಳು ಎಸೆದು ಹೋಗ್ತಿರಲಿಲ್ಲ. ಮೊದಲು ಡಬ್ಬದ ಅಂಚಿಗೆ ಚಮಚದಿಂದ ಬಡೀತಿದ್ದರು. ಒಂದು ಸಲ. ಆಮೇಲೆ ಜೋಡಿಯಾಗಿ ಎರಡು ಸಲ. ಮರಿಗಳೆಲ್ಲ ಒಟ್ಟಾಗಿ ಬಂದು ಮೇಲೆ ಬಾಯಿ ತೆರೆದು ನಿಲ್ಲೋವು. ಆಗ ಚಿಟಿಕೆ ಚಿಟಿಕೆ ಹಾಕೋದು. ಎರಡು ತಿಂಗಳಿಗೊಮ್ಮೆ ಮರಿ ಮಾರಿ ಹೊಸದು ಬಿಡ್ತಾರೆ. ಅಜ್ಜ ಪ್ರತಿ ಸಲವೂ ಹೊಸ ಮರಿಗಳಿಗೆ ಮೊದಲಿಂದ ಆ ಕರೆ ಕಲಿಸ್ತಿದ್ದರು.

ಒಂದು ರಾತ್ರಿ ಎರಡು ಗಂಟೆಗೆ ಕಾಳು ಹಾಕೋವಾಗ ಅಜ್ಜ ಪಾಚಿಯ ಮೇಲೆ ಜಾರಿಬಿದ್ದರು. ಸೊಂಟಕ್ಕೆ ಪೆಟ್ಟು. ಅದನ್ನ ನೋಡಿ ಮೀನು ಸಾಕಣೆಯ ಒಡತಿ, ಅವರನ್ನ ಎಲ್ಲರೂ ಮೇಡಂ ಅಂತಿದ್ದರು, ಅಣ್ಣನ ಹತ್ತಿರ ಕಾಳು ಹಾಕೋಕೆ ಏನಾದರೂ ಯಂತ್ರ ಮಾಡೋಕಾಗುತ್ತಾ ಅಂತ ಕೇಳಿದರು. ಕೆಟ್ಟ ಹೆಂಗಸೇನಲ್ಲ. ಅಜ್ಜ ಇರೋ ತನಕ ಆ ಕೋಣೆ ಅವರದ್ದೇ, ಕೂತು ತಿನ್ನಲಿ ಅಂದರು.

ಅಣ್ಣ ಮಾಡಿದ. ತೊಟ್ಟಿಗೊಂದು ಡ್ರಮ್ಮು, ಅದರ ಅಡಿಯಲ್ಲಿ ಒಂದು ಮುಚ್ಚಳ, ಮುಚ್ಚಳಕ್ಕೊಂದು ಸರ್ವೋ ಮೋಟಾರು. ಅದು ಬೆಂಕಿಪೊಟ್ಟಣದಷ್ಟು ಇರುತ್ತೆ. ಫ್ಯಾನಿನ ಥರ ಗಿರಗಿರ ತಿರುಗೋದಿಲ್ಲ. ಮೇಲೊಂದು ಪುಟ್ಟ ಬಿಳೀ ಕೈ. ತೊಂಬತ್ತು ಡಿಗ್ರಿಗೆ ಹೋಗು ಅಂದ್ರೆ ತೊಂಬತ್ತಕ್ಕೆ ಹೋಗಿ ನಿಲ್ಲುತ್ತೆ, ಸೊನ್ನೆಗೆ ಬಾ ಅಂದ್ರೆ ಬರುತ್ತೆ. ಹಾಗೆ ಹೇಳೋದು ಒಂದು ಮೈಕ್ರೋಕಂಟ್ರೋಲರ್. ಉಗುರಿನಷ್ಟು ಚಿಪ್, ಅಂಗೈಯಷ್ಟು ಬೋರ್ಡು. ಎಂಟು ಮೋಟಾರಿಗೂ ಅದೊಂದೇ ಯಜಮಾನ. ಒಂದು ಸಲ ಹೇಳಿ ಸುಮ್ಮನಾಗೋ ಹಾಗಿಲ್ಲವಂತೆ. ಸೆಕೆಂಡಿಗೆ ಐವತ್ತು ಸಲ ಹೇಳ್ತಾನೇ ಇರಬೇಕಂತೆ. ಇಲ್ಲಿರು, ಇಲ್ಲಿರು, ಇಲ್ಲಿರು. ಮಧ್ಯೆ ಯಾರಾದರೂ ಆ ಬಿಳೀ ಕೈಯನ್ನ ತಡೆದು ಹಿಡಿದರೆ ಮೋಟಾರು ಬಿಟ್ಟುಕೊಡೋದಿಲ್ಲ, ಜಗ್ಗುತ್ತೆ. ಆಗ ಗುಂಯ್... ಅಂತ ಒಂದು ಸದ್ದು. ಸೊಳ್ಳೆ ಕಿವಿ ಹತ್ತಿರ ಬಂದ ಹಾಗೆ, ಸ್ವಲ್ಪ ದಪ್ಪ ದನಿ. ಕರೆಂಟು ಜಾಸ್ತಿ ಎಳೆಯುತ್ತೆ, ಬಿಸಿಯಾಗುತ್ತೆ. ಹತ್ತು ನಿಮಿಷ ಹಾಗೇ ಹಿಡಿದರೆ ಸುಟ್ಟೇ ಹೋಗುತ್ತೆ. ಇದನ್ನ ಮರೀಬೇಡಿ.

ಅಣ್ಣ ಅಜ್ಜನನ್ನ ಕರೆದು ತೋರಿಸಿದ. ಅಜ್ಜ ಬಿಳೀ ಕೈ ಮೇಲೆ ಬೆರಳಿಟ್ಟರು. ಅದು ಜಗ್ಗಿತು. ಅಜ್ಜ ನಕ್ಕರು. ಇದಕ್ಕೂ ನನ್ನ ಥರ ಹಟ ಇದೆ ಅಂದರು. ಸ್ವಲ್ಪ ಹೊತ್ತು ನೋಡ್ತಾ ನಿಂತಿದ್ದು ಆಮೇಲೆ ಕೇಳಿದರು.

"ಇದು ಕರೆಯುತ್ತಾ ಮಗಾ?"

ಕರೆಯೋದು ಬೇಕಾಗಿಲ್ಲ ಅಜ್ಜಾ, ನಾಲ್ಕು ದಿನದಲ್ಲಿ ಮರಿಗಳೇ ಕಲೀತಾವೆ ಅಂದ ಅಣ್ಣ.

"ಕರೀದೆ ಹ್ಯಾಗಪ್ಪಾ ಊಟಕ್ಕೆ ಹಾಕೋದು?"

ಮಾರನೇ ದಿನ ಅಜ್ಜ ಮತ್ತೆ ಬಂದರು. ಕೋಲೂರಿಕೊಂಡು. ನಾಲ್ಕನೇ ತೊಟ್ಟಿ ಒಂದನ್ನ ನನಗೆ ಬಿಟ್ಟುಬಿಡ್ತೀಯಾ, ಬಾಗಿಲಿಂದ ಎರಡು ಹೆಜ್ಜೆ, ಜಾರೋದಿಲ್ಲ, ಅದಕ್ಕೆ ನಾನೇ ಹಾಕ್ತೀನಿ ಅಂತ ಕೇಳಿದರು. ಮೇಡಂ ಹತ್ತಿರ ಕೇಳಲಿಲ್ಲ ನೋಡಿ, ಅಣ್ಣನ ಹತ್ತಿರ ಕೇಳಿದರು. ಅಣ್ಣ, ಎಂಟೂ ಒಂದೇ ಥರ ನಡೆದರೇ ಲೆಕ್ಕ ಸಿಗೋದು ಅಜ್ಜಾ, ಒಂದು ವಾರ ತಡೀರಿ ಅಂದ. ಅಜ್ಜ ಆಗಲಿ ಅಂದು ತಲೆಯಾಡಿಸಿ ಒಳಗೆ ಹೋದರು.

ಆ ವಾರ ತುಂಬಲಿಲ್ಲ.

ಐದನೇ ದಿನ ನಾಲ್ಕನೇ ತೊಟ್ಟಿಯಲ್ಲಿ ಕಾಳು ಹಾಗೇ ತೇಲ್ತಿತ್ತು. ಮರಿಗಳು ಯಂತ್ರದ ಕೆಳಗಿರಲಿಲ್ಲ. ಎಲ್ಲವೂ ಹೋಗಿ ಒಂದು ಮೂಲೆಗೆ ಒತ್ತಿಕೊಂಡು, ಅಜ್ಜನ ಬಾಗಿಲ ಕಡೆ ಮುಖ ಮಾಡಿ, ಬಾಯಿ ತೆರೆದು ನಿಂತಿದ್ದವು. ಅಣ್ಣ ಕಾಳು ಕಮ್ಮಿ ಬೀಳ್ತಿದೆ ಅಂದ್ಕೊಂಡ. ತೊಂಬತ್ತು ಡಿಗ್ರಿಯನ್ನ ನೂರು ಮಾಡಿದ. ಆಮೇಲೆ ನೂರಿಪ್ಪತ್ತು. ಎರಡು ದಿನ ಆ ಡಿಗ್ರಿ ಜೊತೆಗೇ ಗುದ್ದಾಡಿದ. ಮುಚ್ಚಿದ ಬಾಗಿಲ ಪಕ್ಕದಲ್ಲೇ ಕೂತು. ಅಜ್ಜ ಮಲಗಿರಬೇಕು ಅಂದ್ಕೊಂಡು ಸದ್ದು ಮಾಡದೆ ಕೆಲಸ ಮಾಡಿದನಂತೆ... ಅದನ್ನ ಹೇಳೋವಾಗ ಅಣ್ಣ ನನ್ನ ಮುಖ ನೋಡಲಿಲ್ಲ.

ಏಳನೇ ದಿನ ಬಾಗಿಲು ತಳ್ಳಿದ್ದು ತೊಟ್ಟಿ ತೊಳೆಯೋ ಅಕ್ಕ. ಅಜ್ಜ ನಿದ್ದೆಯಲ್ಲೇ ಹೋಗಿದ್ದರು. ಹೋಗಿ ಎರಡು ದಿನ ಆಗಿತ್ತು. ಅದು ಗೊತ್ತಾಗಿದ್ದು ಮರಿಗಳಿಗೆ ಮಾತ್ರ.

ಮಾಡಬೇಕಾದ್ದನ್ನೆಲ್ಲ ಮೇಡಂ ಮಾಡಿಸಿದರು. ಡಬ್ಬ, ಚಮಚ ಎರಡನ್ನೂ ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಆ ಮರಿಗಳನ್ನೂ ಮಾರಿ, ಎಂಟೂ ತೊಟ್ಟಿಗೆ ಹೊಸ ಮರಿ ಬಿಟ್ಟರು. ಅಜ್ಜನ ಮುಖ ಕಾಣದ ಮರಿ. ಯಂತ್ರ ನಡೀತಿದ್ದರಿಂದ ರಾತ್ರಿ ಜನ ಬೇಡವಾಯ್ತು. ಭಾನುವಾರವೂ ಬೇಡವಾಯ್ತು. ಆರು ಗಂಟೆಗೆ ಎಲ್ಲರೂ ಮನೆಗೆ ಹೋದರೆ ಅಷ್ಟು ದೊಡ್ಡ ಜಾಗದಲ್ಲಿ ಅಣ್ಣ ಒಬ್ಬನೇ.

ಈಗ ಗೊತ್ತಾಯ್ತಲ್ಲ, ಬಾವಿ ಪಕ್ಕ ಆ ಸದ್ದು ಕೇಳಿ ಅವನು ಯಾಕೆ ನಿಂತ ಅಂತ.

ಬೆಳಗ್ಗೆ ಎದ್ದವನೇ ಮೇಡಂ ಹತ್ತಿರ ಬೀಗದ ಕೈ ಇಸಿದುಕೊಂಡು ಬೀರು ತೆಗೆದು ನೋಡಿದ. ಡಬ್ಬ ಅಲ್ಲೇ ಇತ್ತು, ಚಮಚವೂ ಇತ್ತು. ಎರಡರ ಮೇಲೂ ಧೂಳು. ತಗಡಿನ ಚಾವಣಿ ರಾತ್ರಿ ತಣ್ಣಗಾದಾಗ ಹೀಗೇ ಟಣ್ ಅನ್ನುತ್ತೆ ಅಂತ ತನಗೆ ತಾನೇ ಸಮಾಧಾನ ಹೇಳ್ಕೊಂಡ.

ಆದರೆ ಬೋರ್ಡು ಸುಳ್ಳು ಹೇಳೋದಿಲ್ಲ.

ಯಾವ ಮೋಟಾರು ಎಷ್ಟು ಹೊತ್ತಿಗೆ ಎಷ್ಟು ಕರೆಂಟು ಎಳೀತು ಅಂತ ಬೋರ್ಡು ಒಂದು ಪುಟ್ಟ ಕಾರ್ಡಿನಲ್ಲಿ ಬರೆದಿಡೋ ಹಾಗೆ ಅಣ್ಣ ಮಾಡಿದ್ದ. ಏಳು ತೊಟ್ಟಿಯದು ಸರಿಯಾಗಿತ್ತು. ಒಂದು ಸೆಕೆಂಡು ತೆರೆಯೋದು, ಮುಚ್ಚೋದು, ಅಷ್ಟೇ. ನಾಲ್ಕನೇದು ಮಾತ್ರ ರಾತ್ರಿ ಎರಡು ಗಂಟೆಯ ಸರದಿಯಲ್ಲಿ ನಲವತ್ತು ಸೆಕೆಂಡು ಒದ್ದಾಡಿತ್ತು. ಯಾರೋ ಬಿಳೀ ಕೈ ತಡೆದು ಹಿಡಿದ ಹಾಗೆ. ಎಲ್ಲೋ ಕಾಳು ಸಿಕ್ಕಿರಬೇಕು ಅಂತ ಬಿಚ್ಚಿ ನೋಡಿದ. ಏನೂ ಇಲ್ಲ. ನಾಲ್ಕನೇ ಮೋಟಾರು ತೆಗೆದು ಮೂರಕ್ಕೆ ಹಾಕಿದ, ಮೂರರದ್ದು ನಾಲ್ಕಕ್ಕೆ. ಮಾರನೇ ರಾತ್ರಿಯೂ ಒದ್ದಾಡಿದ್ದು ನಾಲ್ಕನೇದೇ. ವೈರು ಬದಲಾಯಿಸಿದ. ಬೋರ್ಡೇ ಬದಲಾಯಿಸಿದ. ಊಹೂಂ. ಅದೇ ತೊಟ್ಟಿ, ಅದೇ ಎರಡು ಗಂಟೆ. ಎರಡು ಗಂಟೆ ಅಂದರೆ ಅಜ್ಜ ಜಾರಿಬಿದ್ದ ಹೊತ್ತು.

ಐದನೇ ರಾತ್ರಿ ಅಣ್ಣ ಅಲ್ಲೇ ಕೂತ. ಒಂದು ಸ್ಟೂಲು, ಒಂದು ಟಾರ್ಚು. ಗಾಳಿ ಊದೋ ಪೈಪುಗಳು ತೊಟ್ಟಿಯೊಳಗೆ ಬುಳಬುಳ ಅಂತಿದ್ದವು. ಬೇರೆ ಸದ್ದಿಲ್ಲ. ಎರಡಾಯ್ತು.

ಝಿಕ್... ಪಟ್. ಸರ್ರ್... ಒಂದನೇ ತೊಟ್ಟಿ. ಎರಡನೇದು. ಮೂರನೇದು. ನಾಲ್ಕು...

ಗುಂಯ್...

ಟಾರ್ಚು ಹಾಕಿದ. ಬಿಳೀ ಕೈ ಸಣ್ಣಗೆ ನಡುಗ್ತಿತ್ತು. ತೆರೆಯೋಕೆ ಜಗ್ಗುತ್ತಿದೆ, ಆಗ್ತಿಲ್ಲ. ಸುತ್ತ ಏನೂ ಇಲ್ಲ. ಒಂದು ಎಳೆ ದಾರ ಕೂಡ ಇಲ್ಲ. ಟಾರ್ಚಿನ ಬೆಳಕನ್ನ ಕೆಳಗೆ ಬಿಟ್ಟ. ನೀರಲ್ಲಿ ಮರಿಗಳು... ಎಲ್ಲವೂ ಮೂಲೆಯಲ್ಲಿ. ಅಜ್ಜನ ಬಾಗಿಲ ಕಡೆ ಬಾಯಿ ತೆರೆದುಕೊಂಡು. ಅವು ಹೊಸ ಮರಿ, ಅಜ್ಜ ಯಾರು ಅಂತಲೇ ತಿಳೀದವು. ಅವಕ್ಕೆ ಆ ಮೂಲೆ ಯಾರು ತೋರಿಸಿದರು?

ಆಗ ಬಂತು. ತೀರಾ ಹತ್ತಿರದಿಂದ. ಅವನ ಮೊಣಕೈ ಎತ್ತರದಿಂದ.

ಟಣ್...

...ಟಣ್ ಟಣ್.

ಮರಿಗಳು ಒಟ್ಟಿಗೆ ತಿರುಗಿದವು. ಯಂತ್ರದ ಕೆಳಗೆ ಬಂದು ನಿಂತವು. ಗುಂಯ್ ನಿಂತಿತು. ಮುಚ್ಚಳ ಒಂದು ಚೂರು ತೆರೀತು, ಮುಚ್ಚಿತು. ಮತ್ತೆ ಒಂದು ಚೂರು, ಮತ್ತೆ ಮುಚ್ಚಿತು. ಚಿಟಿಕೆ ಚಿಟಿಕೆ ಕಾಳು. ಬೋರ್ಡಿಗೆ ಅಣ್ಣ ಬರೆದುಕೊಟ್ಟಿದ್ದು ಒಂದೇ ಮಾತು, ಒಂದೇ ಸಲಕ್ಕೆ ಪೂರ್ತಿ ತೆರೆ ಅಂತ. ಚಿಟಿಕೆ ಹಾಕು ಅಂತ ಅವನು ಯಾವತ್ತೂ ಬರೆದಿರಲಿಲ್ಲ.

ಓಡಬೇಕು ಅನ್ನಿಸಿತಂತೆ. ಆದರೂ ಪಿಸುಗುಟ್ಟಿದ.

"ಅಜ್ಜಾ... ತಪ್ಪಾಯ್ತು."

ಪೈಪು ಬುಳಬುಳ ಅಂತಾನೇ ಇತ್ತು. ಬೆಳಗಾಗೋವರೆಗೂ ಅಣ್ಣ ಸ್ಟೂಲು ಬಿಟ್ಟು ಏಳಲಿಲ್ಲ.

ಬೆಳಗ್ಗೆ ತೊಟ್ಟಿ ತೊಳೆಯೋ ಅಕ್ಕ ಬಂದಾಗ ಅವಳಿಗೊಬ್ಬಳಿಗೇ ಹೇಳಿದ. ಅವಳು ಬೆಚ್ಚಲಿಲ್ಲ, ಕೈಯಲ್ಲಿದ್ದ ಬ್ರಷ್ಷೂ ಕೆಳಗಿಡಲಿಲ್ಲ. ತೊಟ್ಟಿ ಉಜ್ಜುತ್ತಲೇ ಮೆಲ್ಲಗೆ ಹೇಳಿದಳು.

"ಕರೀದೆ ಹಾಕೋದು ಅವರಿಗೆ ಆಗಿಬರಲ್ಲ ಸಾರ್."

ಅಣ್ಣ ಮೇಡಂ ಹತ್ತಿರ ಹೋಗಿ ಆ ಡಬ್ಬ ಬೇಕು ಅಂದ. ಯಾಕೆ ಅಂತ ಅವರು ಕೇಳಲಿಲ್ಲ, ತೆಗೆದುಕೊಟ್ಟರು. ನಾಲ್ಕನೇ ತೊಟ್ಟಿಯ ಮೂಲೆಗೆ ಡಬ್ಬ ಕಟ್ಟಿದ. ಇನ್ನೊಂದು ಸರ್ವೋ ತಂದು ಅದರ ಬಿಳೀ ಕೈಗೆ ಚಮಚ ಬಿಗಿದ. ಮುಚ್ಚಳ ತೆರೆಯೋ ಮೊದಲು ಚಮಚ ಇಪ್ಪತ್ತು ಡಿಗ್ರಿ ಹೋಗಿ ಬರಬೇಕು, ಒಂದು ಸಲ, ಆಮೇಲೆ ಎರಡು ಸಲ. ಬರೆದ. ಬಡೀತು. ಒಂದು ಮರಿ ಕೂಡ ತಿರುಗಲಿಲ್ಲ. ಮಧ್ಯದ ಬಿಡುವು ಸರಿಹೋಗಿರಲಿಲ್ಲ. ಅರ್ಧ ಸೆಕೆಂಡು ಇಟ್ಟ, ಮುಕ್ಕಾಲು ಇಟ್ಟ, ಒಂದು ಇಟ್ಟ. ಇಡೀ ದಿನ ಹೋಯ್ತು. ಕೊನೆಗೆ ಕಣ್ಣು ಮುಚ್ಚಿ ಅಜ್ಜ ಬಡೀತಿದ್ದದ್ದನ್ನ ನೆನಪು ಮಾಡಿಕೊಂಡ. ವಯಸ್ಸಾದವರು, ಒಂದು ಸಲ ಬಡಿದು ಉಸಿರು ತಗೊಳ್ತಿದ್ದರು. ಅಷ್ಟೇ ಬಿಡುವು. ತನ್ನ ಉಸಿರನ್ನೇ ಎಣಿಸಿ ಅಷ್ಟು ಇಟ್ಟ. ಮರಿಗಳು ಬಂದವು.

ಇನ್ನೊಂದು ಕೆಲಸವನ್ನೂ ಮಾಡಿದ. ಮುಚ್ಚಳ ಪೂರ್ತಿ ತೆರೆದಾಗ ಒತ್ತಿಕೊಳ್ಳೋ ಹಾಗೆ ಎಂಟಕ್ಕೂ ಒಂದೊಂದು ಪುಟ್ಟ ಸ್ವಿಚ್ಚು ಇಟ್ಟ. ತೆರೆದದ್ದು ಗೊತ್ತಾಗೋವರೆಗೂ ಜಗ್ಗೋದು ಬಿಡಬೇಡ ಅಂತ ಬೋರ್ಡಿಗೆ ಬರೆದ.

ಆವತ್ತಿಂದ ರಾತ್ರಿ ಗುಂಯ್ ಅನ್ನಲಿಲ್ಲ. ಒಂದೂವರೆ ತಿಂಗಳು ಎಲ್ಲ ಸುಮ್ಮನಿತ್ತು. ಅಣ್ಣ ರಾತ್ರಿ ಹೋಗೋ ಮೊದಲು ನಾಲ್ಕನೇ ತೊಟ್ಟಿಯ ಮೂಲೆಗೆ ಬಂದು, ಬರ್ತೀನಿ ಅಜ್ಜಾ ಅಂತ ಹೇಳಿ ಹೋಗ್ತಿದ್ದನಂತೆ. ಇಡೀ ದಿನದಲ್ಲಿ ಅವನು ಕೆಲಸಕ್ಕಲ್ಲದೆ ಆಡ್ತಿದ್ದ ಮಾತು ಅದೊಂದೇ. ಹಾಗಂತ ಅವನೇ ಹೇಳಿದ.

ಅದಾದ ಮೇಲೆ ಒಂದು ಶನಿವಾರ. ಅಣ್ಣನಿಗೆ ಚಳಿ ಹಿಡೀತು. ಕಾಲಲ್ಲಿ ಒಂದು ಗಾಯ ಇತ್ತು, ಅದರಲ್ಲೇ ತೊಟ್ಟಿ ನೀರಿಗಿಳಿದಿದ್ದ. ಇಲಿ ಜ್ವರ ಅಂತಾರಲ್ಲ, ಅದು. ಅದು ಅಂತ ಆಮೇಲೆ ಗೊತ್ತಾಗಿದ್ದು. ರಾತ್ರಿ ಹೇಗೋ ಕಾಲೆಳೆದುಕೊಂಡು ಬಾವಿ ದಾಟಿ ರೂಮಿಗೆ ಬಂದ, ಅಗುಳಿ ಹಾಕಿದ, ಬಿದ್ದುಕೊಂಡ. ಭಾನುವಾರ ಯಾವಾಗ ಬಂತು, ಯಾವಾಗ ಹೋಯ್ತು ಗೊತ್ತಿಲ್ಲ. ದೊಡ್ಡಮ್ಮ ಫೋನು ಮಾಡಿದರು. ತೆಗೆಯಲಿಲ್ಲ. ಕೆಲಸದಲ್ಲಿರಬೇಕು ಅಂದ್ಕೊಂಡು ಸುಮ್ಮನಾದರು. ನಾವೂ ಹಾಗೇ ಅಂದ್ಕೊಂಡೆವು. ಯಂತ್ರ ಮೂರು ಗಂಟೆಗೊಂದು ಸಲ ತನ್ನಷ್ಟಕ್ಕೆ ಕಾಳು ಹಾಕ್ತಾ ಇತ್ತು. ಅಣ್ಣ ಇಲ್ಲದಿದ್ದರೂ ಯಾವ ಕೆಲಸವೂ ನಿಲ್ಲೋ ಹಾಗಿರಲಿಲ್ಲ. ನಿಂತಿದ್ದರೆ ತಾನೇ ಯಾರಾದರೂ ಅವನೆಲ್ಲಿ ಅಂತ ಕೇಳೋದು?

ಮಧ್ಯೆ ಒಂದು ಸಲ ಎಚ್ಚರ ಆಗಿತ್ತಂತೆ. ಕತ್ತಲೆ. ನೀರಿನ ಬಾಟಲಿ ಒಂದು ಮಾರು ದೂರ. ಕೈ ಚಾಚಿದ. ಎಟುಕಲಿಲ್ಲ. ಕೂಗೋಣ ಅಂದ್ರೆ ಯಾರ ಹೆಸರು ಹಿಡಿದು ಕೂಗೋದು ಅಂತ ಯೋಚನೆ ಮಾಡಿದನಂತೆ. ಯೋಚನೆ ಮಾಡ್ತಾ ಮಾಡ್ತಾ ಮತ್ತೆ ಎಚ್ಚರ ತಪ್ಪಿತು.

ಸೋಮವಾರ ಬೆಳಗ್ಗೆ ಆರಕ್ಕೆ ಅಕ್ಕ ಬಂದಳು. ಅಣ್ಣ ರಾತ್ರಿ ತಡವಾಗಿ ಮಲಗೋನು, ಅವನ ಬಾಗಿಲನ್ನ ಮಧ್ಯಾಹ್ನದವರೆಗೂ ಯಾರೂ ಮುಟ್ಟುತ್ತಿರಲಿಲ್ಲ. ಅವಳೂ ಮುಟ್ಟುತ್ತಿರಲಿಲ್ಲ. ಆದರೆ ಗೇಟು ದಾಟಿ ಒಳಗೆ ಕಾಲಿಟ್ಟಾಗಲೇ ಜೇನುಗೂಡಿನ ಹತ್ತಿರ ಬಂದ ಹಾಗಾಯ್ತಂತೆ.

ಗುಂಯ್... ಗುಂಯ್... ಗುಂಯ್...

ನಾಲ್ಕನೇದೊಂದೇ ಅಲ್ಲ. ಎಂಟೂ.

ಎಂಟು ಬಿಳೀ ಕೈಗಳೂ ನಡುಗ್ತಿದ್ದವು. ಒಂದು ಮುಚ್ಚಳವೂ ತೆರೆದಿರಲಿಲ್ಲ. ಅವಳು ಒಂದನ್ನ ಬೆರಳಲ್ಲಿ ತಳ್ಳಿ ನೋಡಿದಳು. ಅಲುಗಲಿಲ್ಲ. ಸಾರ್‌ಗೆ ಹೇಳೋಣ ಅಂತ ಬಾವಿ ದಾಟಿ ಬಂದು ಬಾಗಿಲು ಬಡಿದಳು. ಸದ್ದಿಲ್ಲ. ಮತ್ತೆ ಬಡಿದಳು. ಮುಚ್ಚಿದ ಬಾಗಿಲು, ಒಳಗೆ ಸದ್ದಿಲ್ಲ... ಅವಳಿಗೆ ಅಜ್ಜನ ಕೋಣೆ ಕಣ್ಣಮುಂದೆ ಬಂತು. ಓಡಿಹೋಗಿ ಪಕ್ಕದ ಮರದ ಡಿಪೋದ ಕಾವಲುಗಾರನನ್ನ ಕರೆದಳು. ಅವನು ಮಲಗಿರಬಹುದು, ಸ್ವಲ್ಪ ನೋಡೋಣ ಅಂದ.

"ನೋಡೋದು ಬೇಡಣ್ಣಾ. ಮುರಿ."

ಮುರಿದರು. ಅಣ್ಣ ನೆಲದ ಮೇಲೆ, ಬಾಟಲಿ ಕಡೆ ಕೈ ಚಾಚಿಕೊಂಡು ಬಿದ್ದಿದ್ದ. ಮೈ ಕೆಂಡ. ಕಣ್ಣೆಲ್ಲ ಹಳದಿ. ಅಕ್ಕ ಅವನ ತಲೆಯನ್ನ ಎತ್ತಿ ತೊಡೆ ಮೇಲಿಟ್ಟುಕೊಂಡಳು. ಅದೇ ಹೊತ್ತಿಗೆ, ಬಾವಿಯ ಆಚೆ ಕಡೆಯಿಂದ, ಸಾಲಾಗಿ ಕೇಳಿಸಿತು. ಪಟ್. ಪಟ್. ಪಟ್... ಎಂಟು ಸಲ. ಆಮೇಲೆ ಸರ್ರ್... ಅಂತ ಕಾಳು ನೀರಿಗೆ ಬೀಳೋ ಸದ್ದು. ಕಾವಲುಗಾರನೂ ಕೇಳಿಸಿಕೊಂಡಿದ್ದಾನೆ. ನಾನು ಅವನನ್ನೂ ವಿಚಾರಿಸಿದ್ದೀನಿ.

ಮೇಡಂ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಸೇರಿಸಿದರು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಮಧ್ಯಾಹ್ನದವರೆಗೂ ಬಿಟ್ಟಿದ್ದರೆ ಕೈಗೆ ಸಿಕ್ತಿರಲಿಲ್ಲ ಅಂದರು ಡಾಕ್ಟರು.

ದೊಡ್ಡಮ್ಮನಿಗೆ ಅಷ್ಟು ದೂರ ಬಸ್ಸು ಆಗೋದಿಲ್ಲ, ನಾನು ಹೋದೆ. ಹನ್ನೆರಡು ದಿನ ಇದ್ದೆ. ಐದನೇ ದಿನ ಅಣ್ಣ ಎದ್ದು ಕೂತ. ಮೊದಲು ಕೇಳಿದ್ದೇ ಆ ಕಾರ್ಡು. ಪುಟ್ಟೀ, ಬೋರ್ಡಿನಿಂದ ಅದೊಂದು ತಂದುಕೊಡು ಅಂದ. ತಂದುಕೊಟ್ಟೆ. ಹಾಸಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಓದಿದ. ಆಮೇಲೆ ಪರದೆಯನ್ನ ನನ್ನ ಕಡೆ ತಿರುಗಿಸಿದ. ಎಂಟು ಸಾಲು. ಎಂಟೂ ರಾತ್ರಿ ಎರಡಕ್ಕೆ ಒಂದರ ಹಿಂದೊಂದು ಶುರು. ಎಂಟೂ ಬೆಳಗ್ಗೆ ಆರು ಇಪ್ಪತ್ತಕ್ಕೆ ಒಂದರ ಹಿಂದೊಂದು ಮುಗಿದಿದೆ. ನಾಲ್ಕು ಗಂಟೆ ಇಪ್ಪತ್ತು ನಿಮಿಷ ಯಾರೋ ತಡೆದು ಹಿಡಿದಿದ್ದಾರೆ. ಹತ್ತು ನಿಮಿಷಕ್ಕೆ ಸುಟ್ಟು ಹೋಗಬೇಕಾದ ಮೋಟಾರುಗಳು. ಒಂದೂ ಸುಟ್ಟಿಲ್ಲ. ಇವತ್ತಿಗೂ ಅವೇ ನಡೀತಿವೆ.

ಅಷ್ಟು ಹೊತ್ತು ಯಾರಪ್ಪಾ ಹಿಡಿದುಕೊಂಡು ನಿಂತಿರ್ತಾರೆ ನನಗೋಸ್ಕರ, ಅಂದ ಅಣ್ಣ. ಅಳ್ತಿದ್ದ. ಅವನು ಅತ್ತಿದ್ದನ್ನ ನಾನು ನೋಡಿದ್ದು ಅದೇ ಮೊದಲು.

ನಾನು ಹೊರಡೋ ಹಿಂದಿನ ಸಂಜೆ ತೊಟ್ಟಿ ತೊಳೆಯೋ ಅಕ್ಕ ಆಸ್ಪತ್ರೆಗೆ ಬಂದಿದ್ದಳು. ಮೆಟ್ಟಿಲ ಹತ್ತಿರ ನನ್ನನ್ನ ಪಕ್ಕಕ್ಕೆ ಕರೆದು, ಇದನ್ನ ನಾನು ಯಾರಿಗೂ ಹೇಳಿಲ್ಲ, ಸಾರ್‌ಗೂ ಹೇಳಿಲ್ಲ ಅಂದಳು. ಬೆಳಗ್ಗೆ ಬಂದ ತಕ್ಷಣ ಪ್ರತಿ ತೊಟ್ಟಿಯಿಂದ ನಾಲ್ಕು ಮರಿ ಹಿಡಿದು ಬಿಳೀ ಬಟ್ಟಲಲ್ಲಿ ಬಿಟ್ಟು ನೋಡೋದು ಅವಳ ಕೆಲಸ. ಮರಿಗಳ ಹೊಟ್ಟೆ ಗಾಜಿನ ಹಾಗಿರುತ್ತೆ, ತಿಂದಿದ್ದೆಲ್ಲ ಹೊರಗಿಂದಲೇ ಕಾಣುತ್ತೆ. ಆ ಸೋಮವಾರವೂ, ನನ್ನ ಅಣ್ಣನ ಬಾಗಿಲು ಬಡಿಯೋ ಮೊದಲು, ಗಾಬರಿಯಲ್ಲಿ ಅಭ್ಯಾಸ ಬಲದಿಂದ ಅದನ್ನ ಮಾಡಿದ್ದಳು. ಎರಡು ಗಂಟೆದೂ ಬಿದ್ದಿರಲಿಲ್ಲ, ಐದು ಗಂಟೆದೂ ಬಿದ್ದಿರಲಿಲ್ಲ. ಏಳು ತೊಟ್ಟಿಯ ಮರಿಗಳ ಹೊಟ್ಟೆ ಖಾಲಿ. ಕಾಗದದ ಹಾಗೆ ಚಪ್ಪಟೆ.

ನಾಲ್ಕನೇ ತೊಟ್ಟಿಯ ನಾಲ್ಕು ಮರಿಗಳದ್ದೂ ಹೊಟ್ಟೆ ತುಂಬಿತ್ತು. ಕೆಂಪಗೆ, ದುಂಡಗೆ. ಆಗಷ್ಟೇ ತಿಂದ ಹಾಗೆ.

ಡ್ರಮ್ಮಿನ ಮೇಲೆ ಕಾಳಿನ ಮಟ್ಟ ತೋರಿಸೋ ಗೆರೆ ನೋಡಿದಳಂತೆ. ಒಂದು ಕಾಳೂ ಇಳಿದಿರಲಿಲ್ಲ. ಕಾರ್ಡಿನ ಪ್ರಕಾರ ಆ ಹೊತ್ತಿಗೆ ಮುಚ್ಚಳವೂ ತೆರೆದಿರಲಿಲ್ಲ, ಅದನ್ನ ನಾನೇ ಕಣ್ಣಾರೆ ನೋಡಿದ್ದೀನಿ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು, ಆದರೆ ಆಗಿದ್ದು ಹೀಗೇ. ಆ ಅಕ್ಕ ಆ ಬಟ್ಟಲನ್ನ ತೊಳೆದು ಚೀಲದಲ್ಲಿ ಹಾಕ್ಕೊಂಡು ತಂದಿದ್ದಳು, ತೆಗೆದು ನನಗೆ ತೋರಿಸಿದಳು. ಸಾಮಾನ್ಯ ಬಿಳೀ ಪಿಂಗಾಣಿ ಬಟ್ಟಲು, ಅಂಚಲ್ಲಿ ಒಂದು ಚೂರು ಒಡೆದಿತ್ತು. ನಾಲ್ಕನೇ ತೊಟ್ಟಿಗೆ ನಾನೇ ಹಾಕ್ತೀನಿ ಅಂತ ಅಜ್ಜ ಕೇಳಿದ್ದರಲ್ಲ, ಅದೇ ನೆನಪಾಯ್ತು ನನಗೆ.